ಒಂದು ಕಲಾಪ್ರದರ್ಶನ, ಒಬ್ಬ ಡ್ರಾಯಿಂಗ್ ಟೀಚರ್: ಡಡ್ಲಿ ಶಾಲೆಯ ಪ್ರಕರಣ

ಆಧುನಿಕ ಕಲೆಯ ಪ್ರದರ್ಶನಗಳಿಂದ ಶಾಲೆಯ ಚಿತ್ರಕಲಾ ಪಾಠಕ್ಕೆ ಏನು ಪ್ರಯೋಜನ ಎಂಬ ಮಾತು ಬಂದಾಗೆಲ್ಲ ಚರ್ಚೆ ಮಕ್ಕಳ ಗ್ಯಾಲರಿ ಭೇಟಿಯ ಕಡೆಗೇ ಹೊರಳುತ್ತದೆ. ಯಾವ ವಯಸ್ಸಿನವರನ್ನು ಕರೆದೊಯ್ಯಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು, ವಾಪಸ್ ಬಂದ ಮೇಲೆ ಏನು ಬರೆಸಬೇಕು. ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಹಾಗೇ ಉಳಿದುಹೋಗುತ್ತದೆ: ಮಗು ಬರೆದ ಹಾಳೆಯನ್ನು ಕೈಗೆತ್ತಿಕೊಂಡು ‘ಚೆನ್ನಾಗಿದೆ’ ಎಂದೋ ‘ಸರಿಯಿಲ್ಲ’ ಎಂದೋ ಹೇಳುವ ಟೀಚರಿಗೆ ಆ ಪ್ರದರ್ಶನ ಏನು ಮಾಡಿತು?

ಈ ಪ್ರಶ್ನೆಯನ್ನು ಹಿಡಿದು ನೋಡಲು ನನಗೆ ಗೊತ್ತಿರುವಷ್ಟರಲ್ಲಿ ಇಂಗ್ಲೆಂಡಿನ ಡಡ್ಲಿ ಬಾಲಕಿಯರ ಹೈಸ್ಕೂಲಿಗಿಂತ ಒಳ್ಳೆಯ ಪ್ರಕರಣ ಇನ್ನೊಂದಿಲ್ಲ. 1912ರಲ್ಲಿ ಅಲ್ಲಿಗೆ ಚಿತ್ರಕಲಾ ಶಿಕ್ಷಕಿಯಾಗಿ ಬಂದವರು ಮೇರಿಯನ್ ರಿಚರ್ಡ್‌ಸನ್. ವಯಸ್ಸು ಇಪ್ಪತ್ತರ ಆಸುಪಾಸು. ಲಂಡನ್ನಿನ ಒಂದು ಪ್ರದರ್ಶನದಲ್ಲಿ ಅವರು ಕಂಡದ್ದು ಅವರ ತರಗತಿಯೊಳಗೆ ಹೇಗೆ ಬಂತು, ಆ ತರಗತಿಯ ಚಿತ್ರಗಳು ಮತ್ತೆ ಹೇಗೆ ಪ್ರದರ್ಶನದ ಗೋಡೆ ಹತ್ತಿದವು, ಕೊನೆಗೆ ಅದೆಲ್ಲ ಇಡೀ ದೇಶದ ಶಾಲೆಗಳಿಗೆ ಹರಡುವಾಗ ಏನು ಉಳಿಯಿತು, ಏನು ಸೋರಿಹೋಯಿತು ಎಂಬುದು ಈ ಅಧ್ಯಯನದ ವಸ್ತು.

ಪ್ರದರ್ಶನದ ಮುಂಚಿನ ತರಗತಿ

ರಿಚರ್ಡ್‌ಸನ್ ಬದಲಿಸಲು ಹೊರಟ ಪಾಠಕ್ರಮವೂ ಹುಟ್ಟಿದ್ದು ಒಂದು ಪ್ರದರ್ಶನದ ಬೆನ್ನಿಗೇ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನವನ್ನು 60 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಯಂತ್ರಗಳಲ್ಲಿ ಬ್ರಿಟನ್ ಮುಂದಿತ್ತು. ಬಟ್ಟೆ, ಪಿಂಗಾಣಿ, ಪೀಠೋಪಕರಣಗಳ ವಿನ್ಯಾಸದಲ್ಲಿ ಮಾತ್ರ ತಾವು ಹಿಂದೆ ಬಿದ್ದಿದ್ದೇವೆ ಎಂಬ ಅಳುಕು ಅಲ್ಲಿನ ಅಧಿಕಾರಿಗಳನ್ನು ಕಾಡಿತು. ಮರುವರ್ಷವೇ ಹೆನ್ರಿ ಕೋಲ್ ಅವರ ಕೈಕೆಳಗೆ ಪ್ರಾಯೋಗಿಕ ಕಲೆಯ ಇಲಾಖೆ ಶುರುವಾಯಿತು. ರಿಚರ್ಡ್ ರೆಡ್‌ಗ್ರೇವ್ 23 ಹಂತಗಳ ಒಂದು ರಾಷ್ಟ್ರೀಯ ಪಠ್ಯಕ್ರಮ ಸಿದ್ಧಪಡಿಸಿದರು. ಮುಂದೆ ಸೌತ್ ಕೆನ್ಸಿಂಗ್ಟನ್ ಪದ್ಧತಿ ಎಂದು ಹೆಸರಾದದ್ದು ಇದೇ.

ಆ ಪದ್ಧತಿಯ ತಿರುಳು ಸರಳ. ಮೊದಲು ಸರಳರೇಖೆ, ಆಮೇಲೆ ರೇಖಾಗಣಿತದ ಆಕೃತಿಗಳು, ಆಮೇಲೆ ಅಚ್ಚಾದ ಕಾರ್ಡಿನ ಮೇಲಿನ ಬಳ್ಳಿ-ಎಲೆಗಳ ಹೊರರೇಖೆಯನ್ನು ನೋಡಿ ನಕಲು, ಆಮೇಲೆ ಪ್ಲಾಸ್ಟರಿನ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ನೆರಳು-ಬೆಳಕು ತುಂಬುವುದು. ವಿದ್ಯಾರ್ಥಿ ಬಣ್ಣ ಮುಟ್ಟುವ ಹೊತ್ತಿಗೆ ಸುಮಾರು ಅರ್ಧ ದಾರಿ ಮುಗಿದಿರುತ್ತಿತ್ತು. ಸ್ವಂತ ರಚನೆ ಬರುವುದು ಕೊನೆಗೆ, ಅಲ್ಲಿಯವರೆಗೆ ಯಾರಾದರೂ ಉಳಿದಿದ್ದರೆ. ಕಾರ್ಖಾನೆಗಳಿಗೆ ಪಳಗಿದ ಕೈಗಳು ಬೇಕಿದ್ದವು. ಪಠ್ಯಕ್ರಮ ಆ ಕೈಗಳನ್ನು ತಯಾರಿಸುವ ಕೆಲಸ ಮಾಡುತ್ತಿತ್ತು. 1890ರಲ್ಲಿ ಪ್ರಾಥಮಿಕ ಶಾಲೆಯ ಗಂಡುಮಕ್ಕಳಿಗೆ ಡ್ರಾಯಿಂಗ್ ಕಡ್ಡಾಯವಾದಾಗಲೂ ಅದರ ಹಿಂದಿದ್ದ ಯೋಚನೆ ಇಂಥದ್ದೇ.

ಈ ಪದ್ಧತಿಯನ್ನು ಹೀಗಳೆಯುವುದು ಸುಲಭ. ಆದರೆ ಟೀಚರಿಗೆ ಅದು ಕೊಟ್ಟಿದ್ದ ಒಂದು ದೊಡ್ಡ ಅನುಕೂಲವನ್ನು ಗಮನಿಸದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಎದುರಿಗೆ ಮೂಲಚಿತ್ರ ಇತ್ತು. ಮಗುವಿನ ಗೆರೆ ಅದಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ತಪ್ಪು. ರಬ್ಬರು ಕೊಟ್ಟು ಅಳಿಸಿ ತಿದ್ದಿಸಬಹುದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬಹುದು. ಐವತ್ತು ಮಕ್ಕಳ ತರಗತಿಯಲ್ಲಿ, ಕಲೆಯ ಬಗ್ಗೆ ತನಗೇ ಅಷ್ಟೇನೂ ಗೊತ್ತಿಲ್ಲದ ಶಿಕ್ಷಕರೂ ಇದನ್ನು ನಡೆಸಿಕೊಂಡು ಹೋಗಬಹುದಿತ್ತು. ಆ ಪದ್ಧತಿ ಅಷ್ಟು ಕಾಲ ಬಾಳಿದ್ದಕ್ಕೆ ದೊಡ್ಡ ಕಾರಣ ಇದೇ ಎಂದು ನನಗನ್ನಿಸುತ್ತದೆ. ಮೂಲಚಿತ್ರವನ್ನು ತೆಗೆದುಬಿಟ್ಟರೆ ಟೀಚರು ಯಾವುದರೊಂದಿಗೆ ಹೋಲಿಸಬೇಕು?

ಮುಚ್ಚಿದ ಕಣ್ಣಿನ ಪಾಠ

ರಿಚರ್ಡ್‌ಸನ್ ಓದಿದ್ದು ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯಲ್ಲಿ. ಹದಿನಾರನೇ ವಯಸ್ಸಿಗೆ ಶಿಕ್ಷಕರ ತರಬೇತಿಯ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಸೇರಿದ್ದರು. ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ಯಾಟರ್ಸನ್-ಸ್ಮಿತ್ ಹಿಂದೆ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಅವರ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ಕೆಲಸದಲ್ಲಿ ಭಾಗಿಯಾಗಿದ್ದವರು. ಅವರದೊಂದು ವಿಶಿಷ್ಟ ಅಭ್ಯಾಸ ಇತ್ತು. ಲ್ಯಾಂಟರ್ನ್ ಸ್ಲೈಡಿನಲ್ಲಿ ಒಂದು ವಸ್ತುವನ್ನು ತೋರಿಸಿ ದೀಪ ಆರಿಸುತ್ತಿದ್ದರು. ವಿದ್ಯಾರ್ಥಿಗಳು ಕಣ್ಣು ಮುಚ್ಚಿಕೊಂಡೇ ಆ ವಸ್ತುವನ್ನು ಕಾಗದದ ಮೇಲೆ ಬರೆಯಬೇಕು. ಆಮೇಲೆ ಕಣ್ಣು ತೆರೆದು, ಆ ಕುರುಡು ಗೆರೆಗಳನ್ನು ನೋಡದೆ, ನೆನಪಿನಿಂದ ಮತ್ತೆ ಬರೆಯಬೇಕು. ಕಣ್ಣೆದುರಿನದ್ದನ್ನು ಬಿಟ್ಟು ಮನಸ್ಸಿನಲ್ಲಿ ನಿಂತದ್ದನ್ನು ಹಿಡಿಯುವ ತಾಲೀಮು ಇದು.

ಡಡ್ಲಿಗೆ ಬಂದಾಗ ರಿಚರ್ಡ್‌ಸನ್ ಕೈಯಲ್ಲಿ ಇದ್ದದ್ದು ಈ ವಿದ್ಯೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪ್ರದರ್ಶನವೊಂದನ್ನು ನೋಡಿದ ಕೂಡಲೇ ಟೀಚರೊಬ್ಬರು ಬದಲಾಗಿಬಿಟ್ಟರು ಎಂಬಂತೆ ಈ ಕತೆಯನ್ನು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಹಾಗೆ ಆದದ್ದಲ್ಲ. ಮನಸ್ಸಿನ ಚಿತ್ರವನ್ನು ನಂಬುವ ಅಭ್ಯಾಸ ಅವರಿಗೆ ಮೊದಲೇ ಇತ್ತು. ಆ ನಂಬಿಕೆಯಿಂದ ಹುಟ್ಟುವ ಮಕ್ಕಳ ಚಿತ್ರಗಳನ್ನು ಏನೆಂದು ಕರೆಯಬೇಕು, ಯಾವ ಅಳತೆಯಿಂದ ನೋಡಬೇಕು ಎಂಬುದಕ್ಕೆ ಮಾತ್ರ ಆಧಾರ ಇರಲಿಲ್ಲ. ಕ್ಯಾಟರ್ಸನ್-ಸ್ಮಿತ್ ಅವರ ಅಭ್ಯಾಸದಲ್ಲೂ ಸ್ಲೈಡಿನ ವಸ್ತುವೇ ಅಂತಿಮ ಅಳತೆಗೋಲು. ನೆನಪು ಎಷ್ಟು ಖಚಿತ ಎಂದು ನೋಡಲು ಮತ್ತೆ ಅದರ ಬಳಿಗೇ ಹೋಗಬೇಕಿತ್ತು.

ಗ್ರಾಫ್ಟನ್ ಗ್ಯಾಲರಿಯ ಗೋಡೆಗಳು

ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಕಲಾವಿಮರ್ಶಕ ರೋಜರ್ ಫ್ರೈ ಎರಡು ಪ್ರದರ್ಶನಗಳನ್ನು ಏರ್ಪಡಿಸಿದರು. ಮೊದಲನೆಯದು 1910ರ ನವೆಂಬರಿನಲ್ಲಿ ಶುರುವಾಗಿ 1911ರ ಜನವರಿಯವರೆಗೆ ನಡೆಯಿತು. ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರ ನಂತರ ಬಂದವರು ಎಂಬ ಅರ್ಥದ ‘ಪೋಸ್ಟ್-ಇಂಪ್ರೆಷನಿಸ್ಟ್’ ಎಂಬ ಹೆಸರು ಚಲಾವಣೆಗೆ ಬಂದದ್ದೇ ಆಗ. ಸೆಜಾನ್, ವ್ಯಾನ್ ಗೋ, ಗೋಗ್ಯಾಂ ಮೂವರೂ ತೀರಿಕೊಂಡು ವರ್ಷಗಳಾಗಿದ್ದವು, ಆದರೂ ಲಂಡನ್ನಿನ ಜನಕ್ಕೆ ಅವರು ಹೊಸಬರು. ಎರಡನೆಯ ಪ್ರದರ್ಶನ 1912ರ ಅಕ್ಟೋಬರಿನಲ್ಲಿ ತೆರೆಯಿತು. ಮಾತೀಸ್ ಮತ್ತು ಪಿಕಾಸೊ ಅದರ ಮುಂಚೂಣಿಯಲ್ಲಿದ್ದರು, ಇಂಗ್ಲಿಷ್ ಮತ್ತು ರಷ್ಯನ್ ಕಲಾವಿದರ ವಿಭಾಗಗಳೂ ಇದ್ದವು.

ಎರಡನೆಯ ಪ್ರದರ್ಶನದಲ್ಲಿ ತೂಗುಹಾಕಿದ್ದ ಮಾತೀಸರ ‘ಕೆಂಪು ಸ್ಟುಡಿಯೊ’ ಚಿತ್ರವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಲಾವಿದರ ಕೆಲಸದ ಕೋಣೆ ಅದು. ಗೋಡೆ, ನೆಲ, ಮೇಜು ಎಲ್ಲದರ ಮೇಲೂ ಒಂದೇ ಕೆಂಪು. ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ನೆರಳಿಲ್ಲ. ಕುರ್ಚಿ-ಮೇಜುಗಳು ತೆಳ್ಳನೆಯ ಗೆರೆಗಳಲ್ಲಿ ಸೂಚನೆಯಾಗಿ ಮಾತ್ರ ಇವೆ. ನಿಂತ ಗಡಿಯಾರಕ್ಕೆ ಮುಳ್ಳುಗಳಿಲ್ಲ. ನಿಜವಾದ ಬಣ್ಣಗಳು ಇರುವುದು ಕೋಣೆಯೊಳಗಿನ ಚಿತ್ರಗಳಲ್ಲಿ, ಮಡಕೆಗಳಲ್ಲಿ. ಕಲಾವಿದನಿಗೆ ಯಾವುದು ಮುಖ್ಯವೋ ಅದು ಎದ್ದು ಕಾಣುತ್ತದೆ, ಉಳಿದದ್ದು ಕೆಂಪಿನಲ್ಲಿ ಮುಳುಗುತ್ತದೆ. 23 ಹಂತಗಳ ಪಠ್ಯಕ್ರಮದ ಕಣ್ಣಿನಿಂದ ಅಳೆದರೆ ಈ ಚಿತ್ರದಲ್ಲಿ ಸರಿ ಎನ್ನುವಂಥದ್ದು ಹೆಚ್ಚೇನೂ ಸಿಗದು. ಮಕ್ಕಳ ಚಿತ್ರಗಳಲ್ಲಿ ಟೀಚರುಗಳು ತಿದ್ದುತ್ತಿದ್ದ ‘ತಪ್ಪು’ಗಳನ್ನೆಲ್ಲ ಪ್ರೌಢ ಕಲಾವಿದರೊಬ್ಬರು ಬೇಕೆಂದೇ, ಪೂರ್ಣ ಎಚ್ಚರದಲ್ಲಿ ಮಾಡಿದ್ದರು.

ಪತ್ರಿಕೆಗಳು ಹಾಗೂ ಪ್ರೇಕ್ಷಕರಲ್ಲಿ ಅನೇಕರು ಈ ಪ್ರದರ್ಶನಗಳನ್ನು ಬೈಯಲು ಬಳಸಿದ ಮಾತುಗಳಲ್ಲಿ ಒಂದು, ಇವು ಚಿಕ್ಕ ಮಕ್ಕಳು ಗೀಚಿದ ಹಾಗಿವೆ ಎಂಬುದು. ಅದೇ ಹೋಲಿಕೆ ಡಡ್ಲಿಯ ಯುವ ಶಿಕ್ಷಕಿಗೂ ಹೊಳೆಯಿತು, ಆದರೆ ತಿರುಗುಮುರುಗಾಗಿ. ಗ್ರಾಫ್ಟನ್ ಗ್ಯಾಲರಿಯಲ್ಲಿ ನಿಂತಾಗ ತನ್ನ ಹುಡುಗಿಯರ ವಿನಮ್ರ ಪ್ರಯತ್ನಗಳಿಗೂ ಈ ದೊಡ್ಡವರ ಚಿತ್ರಗಳಿಗೂ ಒಂದು ಸಮಾನ ನೆಲೆಯಿದೆ ಎಂದು ಕಂಡದ್ದನ್ನು ರಿಚರ್ಡ್‌ಸನ್ ಮುಂದೆ ತಮ್ಮ ‘ಆರ್ಟ್ ಅಂಡ್ ದಿ ಚೈಲ್ಡ್’ ಪುಸ್ತಕದಲ್ಲಿ ಬರೆದಿದ್ದಾರೆ. ಅವರು ಸಮೀಕರಿಸಲಿಲ್ಲ. ಮಕ್ಕಳು ಮಾತೀಸರಿಗೆ ಸಮ ಎಂದು ಹೇಳಲಿಲ್ಲ. ಎರಡರಲ್ಲೂ ಚಿತ್ರ ಹುಟ್ಟುವ ಜಾಗ ಒಂದೇ ಎಂದರು. ಈ ವ್ಯತ್ಯಾಸ ದೊಡ್ಡದು. ಮುಂದೆ ಬಂದವರಲ್ಲಿ ಅನೇಕರು ಇದನ್ನು ಮರೆತರು.

ತರಗತಿಯಲ್ಲಿ ಏನಾಯಿತು

ಡಡ್ಲಿ ಕಲ್ಲಿದ್ದಲು, ಕಬ್ಬಿಣ, ಹೊಗೆಯ ಪ್ರದೇಶ. ಅಲ್ಲಿನ ಹುಡುಗಿಯರಿಗೆ ರಿಚರ್ಡ್‌ಸನ್ ನಕಲು ಮಾಡಲು ಮಾತೀಸರ ಚಿತ್ರವನ್ನಾಗಲಿ ಸೆಜಾನರ ಸೇಬುಗಳನ್ನಾಗಲಿ ಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ಸಂಗತಿ ಇದು. ಪ್ರದರ್ಶನದಲ್ಲಿ ಕಂಡ ಶೈಲಿಯನ್ನು ತರಗತಿಗೆ ಹೊತ್ತು ತಂದಿದ್ದರೆ ಹಳೆಯ ಕಾರ್ಡಿನ ಜಾಗದಲ್ಲಿ ಹೊಸ ಕಾರ್ಡು ಬಂದಂತಾಗುತ್ತಿತ್ತು, ಅಷ್ಟೇ.

ಅವರು ಮಾಡಿದ್ದು ಮಾತಿನ ಚಿತ್ರ ಕಟ್ಟುವುದು. ಹುಡುಗಿಯರು ಕಣ್ಣು ಮುಚ್ಚಿ ಕೂರುತ್ತಿದ್ದರು. ಟೀಚರು ಒಂದು ದೃಶ್ಯವನ್ನು ಬಣ್ಣಿಸುತ್ತಿದ್ದರು. ಅವರಿಗೆ ಗೊತ್ತಿರುವ ಬೀದಿಯೇ ಇರಬಹುದು, ಅದರ ಬೆಳಕು, ನೆರಳು, ಬಣ್ಣಗಳು. ಮನಸ್ಸಿನಲ್ಲಿ ಚಿತ್ರ ಮೂಡಿ ನಿಂತ ಮೇಲೆ ಬ್ರಷ್ ಹಿಡಿಯುವುದು. ಇದರ ಮುಂದಿನ ಹೆಜ್ಜೆ ಇನ್ನೂ ಧೈರ್ಯದ್ದು. ಟೀಚರು ಏನನ್ನೂ ಬಣ್ಣಿಸದೆ, ಮುಚ್ಚಿದ ಕಣ್ಣಿನ ಒಳಗೆ ತಾನಾಗಿ ಏನು ಬರುತ್ತದೋ ಅದನ್ನೇ ಬರೆಯುವುದು. ಇವನ್ನು ಮನೋಚಿತ್ರಗಳು ಎಂದು ಕರೆದರು. ಇವುಗಳಲ್ಲಿ ಅನೇಕವು ಮನುಷ್ಯ, ಮರ, ಮನೆ ಯಾವುದೂ ಇಲ್ಲದ, ಬರೀ ಬಣ್ಣ ಮತ್ತು ಆಕೃತಿಗಳ ಜೋಡಣೆಗಳು. ಅಮೂರ್ತ ಕಲೆ ಯುರೋಪಿನಲ್ಲಿ ಆಗಷ್ಟೇ ಕಣ್ಣು ತೆರೆಯುತ್ತಿದ್ದ ದಶಕದಲ್ಲಿ ಒಂದು ಕೈಗಾರಿಕಾ ಊರಿನ ಹೈಸ್ಕೂಲು ಹುಡುಗಿಯರು ಇವನ್ನು ಮಾಡಿದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಆಶ್ಚರ್ಯ, ಗೌರವ ಎರಡೂ ಮೂಡುತ್ತವೆ.

ಈಗ ಹಿಂದಿನ ಪ್ರಶ್ನೆಗೆ ಬರೋಣ. ಇಲ್ಲಿ ಮೂಲಚಿತ್ರ ಇರುವುದು ಹುಡುಗಿಯ ತಲೆಯೊಳಗೆ. ಟೀಚರಿಗೆ ಅದು ಕಾಣುವುದಿಲ್ಲ. ಹಾಗಾಗಿ ಹಾಳೆಯ ಮೇಲಿನ ಚಿತ್ರ ಒಳಗಿನ ಚಿತ್ರಕ್ಕೆ ಎಷ್ಟು ಹತ್ತಿರ ಬಂದಿದೆ ಎಂದು ಹೇಳಬಲ್ಲವಳು ಬರೆದವಳೊಬ್ಬಳೇ. ತಿದ್ದುವ ಅಧಿಕಾರದ ಒಂದು ದೊಡ್ಡ ಪಾಲು ಟೀಚರ ಕೈಯಿಂದ ಮಗುವಿನ ಕೈಗೆ ಹೋಯಿತು. ಆದರೆ ಟೀಚರ ಕೆಲಸ ಮುಗಿಯಲಿಲ್ಲ, ಇನ್ನಷ್ಟು ಕಷ್ಟವಾಯಿತು. ಈ ಹಾಳೆ ಒಳಗಿನಿಂದ ಬಂದದ್ದೋ, ಎಲ್ಲೋ ನೋಡಿದ ಪೋಸ್ಟ್‌ಕಾರ್ಡಿನ ನೆನಪೋ? ಇಲ್ಲಿ ಮರದ ಗಾತ್ರ ಮನೆಗಿಂತ ದೊಡ್ಡದಾಗಿರುವುದು ಕಂಡ ಕಾಣ್ಕೆಯೋ, ಕೈ ಸೋತದ್ದೋ? ಇಂಥದ್ದನ್ನು ಗುರುತಿಸಲು ಕಣ್ಣು ಬೇಕು. ಗ್ರಾಫ್ಟನ್ ಗ್ಯಾಲರಿ ರಿಚರ್ಡ್‌ಸನ್ ಅವರಿಗೆ ಕೊಟ್ಟದ್ದು ಆ ಕಣ್ಣನ್ನು. ಚಪ್ಪಟೆಯಾದ ಬಣ್ಣದಲ್ಲೂ ಚಿತ್ರ ನಿಲ್ಲಬಹುದು, ಹೊರರೇಖೆ ದಪ್ಪಗಿದ್ದೂ ಜೀವಂತವಾಗಿರಬಹುದು, ದೂರದ್ದು ಚಿಕ್ಕದಾಗಲೇಬೇಕೆಂದಿಲ್ಲ ಎಂದು ಅಲ್ಲಿನ ಗೋಡೆಗಳು ಸಾಕ್ಷಿ ಹೇಳಿದ್ದವು. ಆ ಸಾಕ್ಷಿಯನ್ನು ಬೆನ್ನಿಗಿಟ್ಟುಕೊಂಡು ಅವರು ಮಗುವಿನ ಹಾಳೆಯನ್ನು ತಿದ್ದದೆ ಬಿಡಬಲ್ಲವರಾದರು. ಶಾಲೆಯೊಳಗೆ ಹಾಗೆ ಬಿಡಲು ಎಷ್ಟು ಧೈರ್ಯ ಬೇಕೆಂದು ತರಗತಿ ನಡೆಸಿದವರಿಗೆ ಗೊತ್ತು.

ಸಾಮಗ್ರಿಯೂ ಬದಲಾಯಿತು. ಗಟ್ಟಿ ಪೆನ್ಸಿಲು, ಚಿಕ್ಕ ಹಾಳೆ, ರಬ್ಬರುಗಳ ಕಾಲದಲ್ಲಿ ಬಣ್ಣ ಕೊನೆಗೆ ಸಿಗುವ ಬಹುಮಾನವಾಗಿತ್ತು. ಇಲ್ಲಿ ಬಣ್ಣವೇ ಆರಂಭ.

1917: ಚಿತ್ರಗಳು ಲಂಡನ್ನಿಗೆ ಹೋದವು

ರೋಜರ್ ಫ್ರೈ 1913ರಲ್ಲಿ ಫಿಟ್ಸ್‌ರಾಯ್ ಸ್ಕ್ವೇರಿನ 33ನೇ ಮನೆಯಲ್ಲಿ ಒಮೆಗಾ ವರ್ಕ್‌ಶಾಪ್ಸ್ ಎಂಬ ಕಲಾವಿದರ ಕಾರ್ಯಾಗಾರ ತೆರೆದಿದ್ದರು. ಯುದ್ಧದ ನಡುವೆ, 1917ರಲ್ಲಿ, ಅಲ್ಲಿ ಮಕ್ಕಳ ಚಿತ್ರಗಳ ಒಂದು ಪ್ರದರ್ಶನ ನಡೆಯಿತು. ಅಲ್ಲಿದ್ದವು ಹೆಚ್ಚಾಗಿ ಕಲಾವಿದರ ಮನೆಯ ಮಕ್ಕಳು ಬರೆದ ಚಿತ್ರಗಳು. ಕೆಲಸವೊಂದರ ಸಂದರ್ಶನಕ್ಕೆ ಲಂಡನ್ನಿಗೆ ಬಂದಿದ್ದ ರಿಚರ್ಡ್‌ಸನ್ ಆ ಪ್ರದರ್ಶನಕ್ಕೆ ಹೋದರು. ಕೆಲಸ ಸಿಕ್ಕಿರಲಿಲ್ಲ. ಡಡ್ಲಿಯ ಹುಡುಗಿಯರ ಚಿತ್ರಗಳು ಮಾತ್ರ ಜೊತೆಗಿದ್ದವು. ಅವನ್ನು ಫ್ರೈ ನೋಡಿದರು, ಉತ್ಸಾಹಗೊಂಡರು, ಪ್ರದರ್ಶನಕ್ಕೆ ಸೇರಿಸಿಕೊಂಡರು. ಅದೇ ವರ್ಷ ‘ಬರ್ಲಿಂಗ್ಟನ್ ಮ್ಯಾಗಜಿನ್’ನಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಬರೆದರು. 1919ರಲ್ಲಿ ಒಮೆಗಾದಲ್ಲಿ ಡಡ್ಲಿಯ ಚಿತ್ರಗಳು ಮತ್ತೆ ಪ್ರದರ್ಶನಗೊಂಡವು.

ಫ್ರೈ ಅವರಿಗೆ ಈ ಚಿತ್ರಗಳು ಯಾಕೆ ಅಷ್ಟು ಮುಖ್ಯವಾದವು? ಅವರು ನಡೆಸುತ್ತಿದ್ದ ದೊಡ್ಡ ವಾದಕ್ಕೆ ಇವು ಆಧಾರವಾದವು. ಕಲೆ ಎಂದರೆ ವಸ್ತುವಿನ ಪ್ರತಿಬಿಂಬವಲ್ಲ, ನೋಡುವವನ ಒಳಗೆ ರೂಪುಗೊಂಡ ಕಾಣ್ಕೆ ಎಂದು ಅವರು 1910ರಿಂದಲೂ ಹೇಳುತ್ತ ಬಂದಿದ್ದರು. ಶಾಲೆಯ ಪಾಠ ಸಾಮಾನ್ಯವಾಗಿ ಮಗುವಿನ ಆ ಶಕ್ತಿಯನ್ನು ನಂದಿಸುತ್ತದೆ ಎಂಬುದು ಅವರ ದೂರು. ನಂದಿಸದೆಯೂ ಕಲಿಸಬಹುದು ಎಂಬುದಕ್ಕೆ ಡಡ್ಲಿ ಜೀವಂತ ಪುರಾವೆಯಾಗಿ ಸಿಕ್ಕಿತು.

ಇಲ್ಲಿ ನಾವು ಸ್ವಲ್ಪ ಎಚ್ಚರದಿಂದಲೂ ನೋಡಬೇಕು. ಡಡ್ಲಿಯ ಚಿತ್ರಗಳಿಗೆ ಸಿಕ್ಕ ಮನ್ನಣೆ ಬಂದದ್ದು ಪೋಸ್ಟ್-ಇಂಪ್ರೆಷನಿಸಂ ಅನ್ನು ಇಂಗ್ಲೆಂಡಿಗೆ ತಂದವರಿಂದಲೇ. ಅವರು ಯಾವುದನ್ನು ಒಳ್ಳೆಯದೆಂದು ಆರಿಸಿದರೋ ಅದೇ ಒಳ್ಳೆಯ ಮಕ್ಕಳ ಚಿತ್ರ ಎನಿಸಿಕೊಂಡಿತು. ಯಂತ್ರದ ಭಾಗಗಳನ್ನು ತದೇಕಚಿತ್ತದಿಂದ, ಅಳತೆಗೆ ತಕ್ಕಂತೆ ಬರೆಯಲು ಇಷ್ಟಪಡುವ ಮಗುವೊಂದು ಆ ತರಗತಿಯಲ್ಲಿ ಇದ್ದಿದ್ದರೆ ಅದಕ್ಕೆ ಎಷ್ಟು ಜಾಗ ಸಿಗುತ್ತಿತ್ತು? ಮಾತಿನ ಚಿತ್ರವನ್ನು ಕಟ್ಟುವವರು ಟೀಚರೇ. ಅವರ ಕಣ್ಣಿಗೆ ಚೆಂದ ಕಂಡ ಬೆಳಕು, ಅವರು ಆರಿಸಿದ ಬಣ್ಣದ ಹೆಸರು, ಅವರ ದನಿಯ ಏರಿಳಿತ ಎಲ್ಲವೂ ಹುಡುಗಿಯರ ಒಳಗಿನ ಚಿತ್ರವನ್ನು ರೂಪಿಸುತ್ತಿದ್ದವು. ಸ್ವಾತಂತ್ರ್ಯ ಎಂದು ಕರೆದರೂ ಅದರ ಸುತ್ತ ಒಬ್ಬ ಬಲವಾದ ಅಭಿರುಚಿಯ ವ್ಯಕ್ತಿ ನಿಂತಿದ್ದರು. ಇದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಅಭಿರುಚಿಯೇ ಇಲ್ಲದ ಟೀಚರಿಂದ ಮಕ್ಕಳಿಗೆ ಏನೂ ಸಿಗದು. ಆದರೆ ಮಗು ತಾನಾಗಿ ಮಾಡಿದ್ದು, ಟೀಚರು ಏನೂ ಮಾಡಲಿಲ್ಲ ಎಂಬ ಮಾತು ನಿಜವಲ್ಲ.

ವಿಯೆನ್ನಾದ ಫ್ರಾಂಜ್ ಚಿಜೆಕ್ ಅವರ ವಿಷಯದಲ್ಲೂ ಹೀಗೇ. 1897ರಿಂದ ಮಕ್ಕಳ ಕಲಾ ತರಗತಿ ನಡೆಸುತ್ತಿದ್ದ ಅವರು ತಾನು ಕಲಿಸುವುದಿಲ್ಲ ಎನ್ನುತ್ತಿದ್ದರು. ಅವರ ಶಿಷ್ಯರ ಚಿತ್ರಗಳು 1908ರಲ್ಲಿ ವಿಯೆನ್ನಾದ ಕುನ್ಸ್ಟ್‌ಶೌ ಪ್ರದರ್ಶನದಲ್ಲಿ ಕ್ಲಿಮ್ಟ್ ಮತ್ತವರ ಗೆಳೆಯರ ಕೃತಿಗಳ ಜೊತೆಯಲ್ಲೇ ಇದ್ದವು, 1920ರಲ್ಲಿ ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ನೆರವಿನಿಂದ ಲಂಡನ್ನಿಗೂ ಬಂದವು. ಆ ಚಿತ್ರಗಳನ್ನು ಸಾಲಾಗಿ ನೋಡಿದರೆ ಎಲ್ಲದರಲ್ಲೂ ವಿಯೆನ್ನಾದ ಅಲಂಕಾರ ಕಲೆಯ ಛಾಯೆ ಎದ್ದು ಕಾಣುತ್ತದೆ.

ಹರಡಿದ್ದು, ಗಡುಸಾದದ್ದು

1923ರಲ್ಲಿ ರಿಚರ್ಡ್‌ಸನ್ ಡಡ್ಲಿಯ ಪೂರ್ಣಾವಧಿ ಕೆಲಸ ಬಿಟ್ಟರು. ಲಂಡನ್ ಡೇ ಟ್ರೈನಿಂಗ್ ಕಾಲೇಜಿನಲ್ಲಿ ಮುಂದಿನ ಟೀಚರುಗಳನ್ನು ತಯಾರು ಮಾಡುವ ಕೆಲಸಕ್ಕೆ ಸೇರಿದರು. ಫ್ರೈ ಅವರ ತಂಗಿ, ಜೈಲು ಸುಧಾರಣೆಗೆ ದುಡಿದ ಮಾರ್ಜರಿ ಫ್ರೈ ಅವರ ಒಡನಾಟದಲ್ಲಿ ಬರ್ಮಿಂಗ್‌ಹ್ಯಾಮಿನ ಜೈಲಿನ ಕೈದಿಗಳಿಗೂ ಚಿತ್ರಕಲೆ ಹೇಳಿಕೊಟ್ಟಿದ್ದರು. 1930ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ನ ಚಿತ್ರಕಲಾ ಇನ್‌ಸ್ಪೆಕ್ಟರ್ ಆದರು. ಒಂದು ಶಾಲೆಯ ಕೋಣೆಯಲ್ಲಿ ನಡೆದದ್ದು ಈಗ ಮಹಾನಗರವೊಂದರ ನೂರಾರು ಶಾಲೆಗಳಿಗೆ ತಲುಪುವ ಅವಕಾಶ ಬಂತು. 1935ರಲ್ಲಿ ಪ್ರಕಟವಾದ ಅವರ ಕೈಬರಹ ಮಾಲೆಯೂ ಇದೇ ಹಾದಿಯದ್ದು. ಬಳುಕುವ ಗೆರೆಗಳ ವಿನ್ಯಾಸವನ್ನು ಹಾಳೆ ತುಂಬ ತುಂಬಿಸಿ, ಆ ಲಯದಿಂದಲೇ ಅಕ್ಷರಗಳನ್ನು ಹುಟ್ಟಿಸುವ ಕ್ರಮ. ಇಂಗ್ಲೆಂಡಿನ ಶಾಲೆಗಳಲ್ಲಿ ದಶಕಗಳ ಕಾಲ ಅದು ಬಳಕೆಯಲ್ಲಿತ್ತು.

1938ರಲ್ಲಿ ಲಂಡನ್ನಿನ ಕೌಂಟಿ ಹಾಲ್‌ನಲ್ಲಿ ಶಾಲಾ ಮಕ್ಕಳ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ನ್ಯಾಷನಲ್ ಗ್ಯಾಲರಿಯ ನಿರ್ದೇಶಕ ಕೆನೆತ್ ಕ್ಲಾರ್ಕ್ ಅದನ್ನು ಉದ್ಘಾಟಿಸಿದರು. ಗ್ರಾಫ್ಟನ್ ಗ್ಯಾಲರಿಯ ಗದ್ದಲ ಕಳೆದು ಕಾಲು ಶತಮಾನವಾಗಿತ್ತು. ಅಂದು ಮಕ್ಕಳ ಗೀಚಾಟ ಎಂದು ಬೈಸಿಕೊಂಡಿದ್ದ ಕಲೆ ಮಾನ್ಯವಾಗಿತ್ತು, ಮಕ್ಕಳ ಚಿತ್ರಗಳೂ ಗೌರವದಿಂದ ಗೋಡೆ ಏರಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಕೌನ್ಸಿಲ್ ಮಕ್ಕಳ ಚಿತ್ರಗಳನ್ನು ಹೊರದೇಶಗಳಿಗೆ ಕಳಿಸಿತು. ಆ ಆಯ್ಕೆಯಲ್ಲಿ ಭಾಗಿಯಾಗಿದ್ದ ಕಲಾವಿಮರ್ಶಕ ಹರ್ಬರ್ಟ್ ರೀಡ್ 1943ರಲ್ಲಿ ಕಲೆಯ ಮೂಲಕ ಶಿಕ್ಷಣ ಎಂಬ ತಮ್ಮ ಪ್ರಸಿದ್ಧ ವಾದವನ್ನು ಪುಸ್ತಕವಾಗಿ ಮಂಡಿಸಿದರು. ರಿಚರ್ಡ್‌ಸನ್ 1946ರಲ್ಲಿ ತೀರಿಕೊಂಡರು, ಅವರ ಪುಸ್ತಕ ಹೊರಬಂದದ್ದು 1948ರಲ್ಲಿ.

ಇಷ್ಟು ಯಶಸ್ಸಿನ ಒಳಗೇ ಪೆಟ್ಟು ಬಿದ್ದದ್ದು. ನೂರಾರು ಟೀಚರುಗಳಿಗೆ ಈ ಕ್ರಮವನ್ನು ತಲುಪಿಸುವಾಗ ಕೈಗೆ ಸಿಗುವಂಥದ್ದು ಮಾತ್ರ ಸಲೀಸಾಗಿ ತಲುಪುತ್ತದೆ: ದೊಡ್ಡ ಹಾಳೆ, ದಪ್ಪ ಬ್ರಷ್, ಪುಡಿಬಣ್ಣ, ಹಾಳೆ ತುಂಬ ವಿನ್ಯಾಸ. ಗಾಢ ಬಣ್ಣ ತುಂಬಿ, ಪರ್ಸ್ಪೆಕ್ಟಿವ್ (ದೂರದ್ದನ್ನು ಚಿಕ್ಕದಾಗಿ ತೋರಿಸುವ ಕ್ರಮ) ಇಲ್ಲದೆ ಬರೆದರೆ ಅದು ಒಳ್ಳೆಯ ‘ಮಕ್ಕಳ ಕಲೆ’ ಎಂಬ ನಂಬಿಕೆ ಬೇರೂರಿತು. ಪ್ರದರ್ಶನಗಳು ಇದಕ್ಕೆ ನೀರೆರೆದವು. ಕೌಂಟಿ ಹಾಲಿನಂಥ ಪ್ರದರ್ಶನಕ್ಕೆ ಹೋದ ಟೀಚರು ಆಯ್ದು ತೂಗುಹಾಕಿದ ಮಕ್ಕಳ ಚಿತ್ರಗಳನ್ನು ನೋಡುತ್ತಾರೆ. ಅವು ಹೇಗೆ ಹುಟ್ಟಿದವು ಎಂಬುದು ಗೋಡೆಯ ಮೇಲೆ ಕಾಣುವುದಿಲ್ಲ. ಕಣ್ಣು ಮುಚ್ಚಿ ಕೂತ ನಿಮಿಷಗಳು, ಟೀಚರು ದನಿಯಲ್ಲಿ ಕಟ್ಟಿದ ದೃಶ್ಯ, ಇದು ನಾನು ಕಂಡದ್ದಲ್ಲ ಎಂದು ಮಗು ತಾನೇ ಬದಿಗಿಟ್ಟ ಹಾಳೆ, ಇವ್ಯಾವುವೂ ಫ್ರೇಮಿನೊಳಗೆ ಇರುವುದಿಲ್ಲ. ಹಾಗಾಗಿ ಟೀಚರು ಮನೆಗೆ ಒಯ್ಯುವುದು ಆ ಚಿತ್ರಗಳ ನೋಟವನ್ನು. ಮರುದಿನ ತಮ್ಮ ತರಗತಿಯಲ್ಲೂ ಅದೇ ನೋಟ ಬರಲಿ ಎಂದು ಬಯಸುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ 23 ಹಂತಗಳ ಕಾಲದ ಕಾರ್ಡು ಹೀಗೆ ಬೇರೆ ವೇಷದಲ್ಲಿ ತರಗತಿಗೆ ವಾಪಸಾಯಿತು. ಈ ಸಲ ಮೂಲಚಿತ್ರ ಬರೆದವರು ಮಕ್ಕಳೇ.

ಎರಡು ಪ್ರದರ್ಶನಗಳ ನಡುವಿನ ಈ ವ್ಯತ್ಯಾಸ ಗಮನಾರ್ಹ. ಗ್ರಾಫ್ಟನ್ ಗ್ಯಾಲರಿಯಲ್ಲಿ ರಿಚರ್ಡ್‌ಸನ್ ನೋಡಿದ್ದು ದೊಡ್ಡ ಕಲಾವಿದರ ಕೆಲಸ. ಅದನ್ನು ಹದಿಮೂರು ವರ್ಷದ ಹುಡುಗಿಯಿಂದ ನಕಲು ಮಾಡಿಸುವ ಯೋಚನೆ ಸುಲಭಕ್ಕೆ ಬರದು. ಅಲ್ಲಿಂದ ತರಗತಿಗೆ ಬರಲು ನಡುವೆ ಒಂದು ಅರ್ಥೈಸುವಿಕೆ ಬೇಕೇ ಬೇಕು. ಶಾಲಾ ಮಕ್ಕಳ ಚಿತ್ರಗಳ ಪ್ರದರ್ಶನದಲ್ಲಿ ಆ ಅಂತರ ಇಲ್ಲ. ಅದು ನೇರವಾಗಿ ಮಾದರಿಯಾಗಿಬಿಡುತ್ತದೆ. ಈ ಕಾರಣಕ್ಕೆ, ಟೀಚರುಗಳ ತರಬೇತಿಗೆ ಮಕ್ಕಳ ಚಿತ್ರಗಳ ಪ್ರದರ್ಶನಕ್ಕಿಂತ ಪ್ರೌಢ ಆಧುನಿಕ ಕಲೆಯ ಪ್ರದರ್ಶನವೇ ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ. ಒಪ್ಪದವರು ಇರುತ್ತಾರೆ. ಮಕ್ಕಳ ಚಿತ್ರಗಳ ಪ್ರದರ್ಶನವಿಲ್ಲದಿದ್ದರೆ ಫ್ರೈ ಅವರೂ ಡಡ್ಲಿಯನ್ನು ಕಾಣುತ್ತಿರಲಿಲ್ಲ, ಅಧಿಕಾರಿಗಳೂ ಅನುಮತಿ ಕೊಡುತ್ತಿರಲಿಲ್ಲ ಎಂಬುದು ಅವರ ವಾದ. ಅದು ನಿಜ. ಅಂಥ ಪ್ರದರ್ಶನ ತಂದೆತಾಯಿಯರನ್ನು, ಅಧಿಕಾರಿಗಳನ್ನು ಒಲಿಸಬಲ್ಲದು. ಪಾಠ ಕಲಿಸುವ ವಿಷಯದಲ್ಲಿ ಮಾತ್ರ ಅದು ದಾರಿ ತಪ್ಪಿಸಬಲ್ಲದು.

ಮುಂದಿನ ತಲೆಮಾರಿನಲ್ಲಿ ಇದೇ ಚಕ್ರ ಇನ್ನೊಂದು ಸುತ್ತು ತಿರುಗಿತು. ಕಲಾವಿದರೂ ಶಿಕ್ಷಕರೂ ಆಗಿದ್ದ ವಿಕ್ಟರ್ ಪಾಸ್ಮೋರ್, ರಿಚರ್ಡ್ ಹ್ಯಾಮಿಲ್ಟನ್, ಹ್ಯಾರಿ ಥುಬ್ರನ್, ಟಾಮ್ ಹಡ್ಸನ್ ಕಲಾಕಾಲೇಜುಗಳಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಮೂಲದ ಪ್ರಾಥಮಿಕ ಅಭ್ಯಾಸಗಳನ್ನು ಕಟ್ಟಿದರು: ಚುಕ್ಕೆ, ಗೆರೆ, ಸಮತಲ, ಬಣ್ಣಗಳ ಪರಸ್ಪರ ಒತ್ತಡ. 1959ರಲ್ಲಿ ಲಂಡನ್ನಿನ ಸಮಕಾಲೀನ ಕಲಾ ಸಂಸ್ಥೆಯಲ್ಲಿ ಈ ಕೆಲಸದ ಒಂದು ಪ್ರದರ್ಶನ ನಡೆಯಿತು. ಕಲಿಯುವ ಪ್ರಕ್ರಿಯೆಯನ್ನೇ ತೋರಿಸುವುದು ಅದರ ಉದ್ದೇಶವಾಗಿತ್ತು. ಆಮೇಲೆ ಇದು ಹೈಸ್ಕೂಲುಗಳಿಗೂ ಇಳಿಯಿತು. ಅಲ್ಲಿ ಅನೇಕ ಕಡೆ ಉಳಿದದ್ದು ಚುಕ್ಕೆ-ಗೆರೆಗಳ ಕಸರತ್ತು.

ಈ ಪ್ರಕರಣ ಏನನ್ನು ಹೇಳಲಾರದು

ಡಡ್ಲಿಯ ಹುಡುಗಿಯರು ಹೈಸ್ಕೂಲಿನವರು. ಒಬ್ಬ ಅಸಾಮಾನ್ಯ ಶಿಕ್ಷಕಿಯ ಜೊತೆ ವರ್ಷಗಟ್ಟಲೆ ಕಲಿತವರು. ವಾರಕ್ಕೊಂದು ಪೀರಿಯಡ್ ಡ್ರಾಯಿಂಗ್ ಇರುವ, ಅದೂ ಪರೀಕ್ಷೆ ಹತ್ತಿರವಾದಾಗ ಗಣಿತಕ್ಕೆ ಹೋಗುವ ತರಗತಿಗೆ ಇದನ್ನು ಹಾಗೇ ಅನ್ವಯಿಸಲಾಗದು. ಹೈಸ್ಕೂಲಿನ ಹುಡುಗಿ ಕಣ್ಣು ಮುಚ್ಚಿ ಕೂತು ಒಳಗಿನ ಚಿತ್ರಕ್ಕೆ ಕಾಯಬಲ್ಲಳು, ಆರು ವರ್ಷದ ಮಗು ಅಷ್ಟು ಹೊತ್ತು ಕಾಯದೇ ಇರಬಹುದು. ಆ ವಯಸ್ಸಿಗೆ ಬ್ರಷ್ಷೇ ಯೋಚನೆ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಗ್ಯಾಲರಿಯಲ್ಲಿ ಚಿತ್ರದ ಎದುರು ನಿಂತ ಮಗುವಿಗೆ ಏನಾಗುತ್ತದೆ ಎಂಬುದರ ಬಗ್ಗೆ ಡಡ್ಲಿ ಏನೂ ಹೇಳುವುದಿಲ್ಲ. ಇಲ್ಲಿ ಪ್ರಭಾವ ಹರಿದದ್ದು ಟೀಚರ ಮೂಲಕ. ಮಗುವಿನ ನೋಟದ ಬಗ್ಗೆ ತಿಳಿಯಬೇಕಾದವರು ಜರ್ಮನಿಯ ಹ್ಯಾಂಬರ್ಗಿನ ಕಡೆ ನೋಡಬೇಕು. ಅಲ್ಲಿನ ಕಲಾಸಂಗ್ರಹಾಲಯದ ನಿರ್ದೇಶಕ ಆಲ್ಫ್ರೆಡ್ ಲಿಖ್ಟ್‌ವಾರ್ಕ್ 1880ರ ದಶಕದ ಕೊನೆಯಿಂದ ಶಾಲೆಯ ಮಕ್ಕಳನ್ನು ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿ, ಪ್ರಶ್ನೆ ಕೇಳುತ್ತ, ಕಂಡದ್ದನ್ನು ಅವರಿಂದಲೇ ಹೇಳಿಸುತ್ತಿದ್ದರು. ಆ ಸಂವಾದಗಳು 1897ರಲ್ಲಿ ಪುಸ್ತಕವಾಗಿ ಬಂದವು. ಕಲಾವಿದನ ಬದುಕು, ಶೈಲಿಯ ಹೆಸರು, ಇಸವಿ ಇವೆಲ್ಲವನ್ನೂ ಹಿಂದಿಟ್ಟು ಮೊದಲು ಚಿತ್ರದಲ್ಲಿ ಏನಿದೆ ಎಂದು ನೋಡಿಸುವುದು ಅವರ ಕ್ರಮ. ಅಲ್ಲಿ ಗೋಡೆಯ ಮೇಲಿದ್ದ ಚಿತ್ರಗಳೇ ಬೇರೆ, ಮಾತೀಸ್ ಇನ್ನೂ ಬಂದಿರಲಿಲ್ಲ. ಆಧುನಿಕ ಕಲೆಯ ಮುಂದೆ ಮಕ್ಕಳನ್ನು ನಿಲ್ಲಿಸಿದಾಗ ಅದೇ ಪ್ರಶ್ನೆಗಳು ಸಾಕೇ, ಮುಳ್ಳಿಲ್ಲದ ಗಡಿಯಾರವನ್ನು ಕಂಡ ಮಗು ‘ಇದು ಯಾಕೆ ಹೀಗೆ’ ಎಂದಾಗ ಟೀಚರು ತಕ್ಷಣ ವಿವರಿಸಬೇಕೇ, ಮಗುವನ್ನೇ ಇನ್ನಷ್ಟು ಹೊತ್ತು ನೋಡಲು ಬಿಡಬೇಕೇ ಎಂಬುದನ್ನು ಡಡ್ಲಿಯ ಜೊತೆಗೆ ಹ್ಯಾಂಬರ್ಗನ್ನೂ ಇಟ್ಟುಕೊಂಡು ಬೇರೆಯಾಗಿಯೇ ಅಧ್ಯಯನ ಮಾಡಬೇಕು.